ಫಲಕ ಬದಲಾಯಿತು, ಮಮತೆ ಬದಲಾಗಲಿಲ್ಲ

ಭಾನುವಾರ ಬೆಳಿಗ್ಗೆ ಆರರ ಹೊತ್ತಿಗೆ ಕೆಂಗೇರಿಯ ಬಳಿ ಮೈಸೂರು ರಸ್ತೆಯ ಅಂಚಿನಲ್ಲಿ ನಿಂತರೆ ಕೆಲವೊಮ್ಮೆ ಒಂದು ಹಳೆಯ ಸದ್ದು ಕಿವಿಗೆ ಬೀಳುತ್ತದೆ. ಅದು ಬುಲೆಟ್‌ನ ಗುಡುಗಲ್ಲ, ಇಂದಿನ ಬೈಕುಗಳ ಗುಂಯ್‌ಗುಟ್ಟುವಿಕೆಯೂ ಅಲ್ಲ. ಖಾಲಿ ಡಬ್ಬವನ್ನು ಯಾರೋ ಒಂದೇ ಲಯದಲ್ಲಿ ತಟ್ಟುತ್ತಿರುವಂತೆ ಎರಡು ಸೈಲೆನ್ಸರ್‌ಗಳಿಂದ ಹೊರಬರುವ ಸದ್ದು. ಹಿಂದೆಯೇ ನೀಲಿ ಹೊಗೆಯ ತೆಳು ಗೆರೆ, ಸುಟ್ಟ ಎಣ್ಣೆಯ ವಾಸನೆ. ಚಹಾದಂಗಡಿಯ ಮುಂದೆ ಕುಳಿತ ಹಿರಿಯರು ತಲೆಯೆತ್ತದೆಯೇ ಹೇಳಿಬಿಡುತ್ತಾರೆ: ‘ಜಾವಾ ಹೋಯ್ತು’. ಪಕ್ಕದವರು ತಿದ್ದುತ್ತಾರೆ: ‘ಜಾವಾ ಅಲ್ಲ, ಯೆಜ್ಡಿ’.

ಇಬ್ಬರ ಮಾತಿನಲ್ಲೂ ಸತ್ಯವಿದೆ. ಮೈಸೂರಿನ ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಒಂದೇ ವಂಶದ ಗಾಡಿಗೆ ಈ ಎರಡು ಹೆಸರುಗಳು. ಆ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದ್ದು 1996ರಲ್ಲಿ. ಅಂದಿನಿಂದ ಈವರೆಗೆ ಅದರ ಬಾಗಿಲಿನಿಂದ ಒಂದೇ ಒಂದು ಹೊಸ ಗಾಡಿಯೂ ಹೊರಬಂದಿಲ್ಲ. ಆದರೂ ಆ ಗಾಡಿಯನ್ನೇ ಹುಡುಕಿ ಕೊಳ್ಳುವವರು, ಅಜ್ಜನ ಕಾಲದ್ದೆಂದು ಮನೆಯ ಮುಂಗಟ್ಟಿನಲ್ಲಿ ಜೋಪಾನ ಮಾಡುವವರು, ಬೇರೆ ಗಾಡಿಯನ್ನು ಗಾಡಿಯೆಂದೇ ಒಪ್ಪದವರು ಇನ್ನೂ ಇದ್ದಾರೆ.

ಒಂದು ವಾಹನದ ಮೇಲೆ ಮನುಷ್ಯನಿಗೆ ಇಂಥ ನಿಷ್ಠೆ ಬೆಳೆಯುವುದು ಹೇಗೆ? ಜಾಹೀರಾತಿನಿಂದ ಎಂದು ಕಂಪನಿಗಳು ನಂಬುತ್ತವೆ, ಗುಣಮಟ್ಟದಿಂದ ಎಂದು ಎಂಜಿನಿಯರುಗಳು ಹೇಳುತ್ತಾರೆ, ನೆನಪಿನಿಂದ ಎಂಬುದು ಮನೆಯವರ ಅಂಬೋಣ. ಇದನ್ನು ಪರೀಕ್ಷಿಸಲು ಕರ್ನಾಟಕದಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. ಮೈಸೂರಿನ ಈ ಗಾಡಿ ಮೂರು ಪರೀಕ್ಷೆಗಳನ್ನು ಎದುರಿಸಿತು. ಮೊದಲು ಹೆಸರು ಹೋಗಿ ಯಂತ್ರ ಉಳಿಯಿತು. ಆಮೇಲೆ ಕಾರ್ಖಾನೆ ಹೋಗಿ ಗಾಡಿಗಳು ಉಳಿದವು. ಕೊನೆಗೆ ಬೇರೊಂದು ಯಂತ್ರದ ಮೇಲೆ ಹಳೆಯ ಹೆಸರು ಮರಳಿ ಬಂತು. ಪ್ರತಿ ಸಲವೂ ಜನರ ಮಮತೆ ಯಾವುದರ ಬೆನ್ನು ಹಿಡಿದು ಹೋಯಿತೆಂದು ನೋಡಿದರೆ ಉತ್ತರ ತಾನಾಗಿಯೇ ಸಿಗುತ್ತದೆ.

ಮೂರು ಕಾರು, ಮೂರು ಮೋಟಾರ್‌ಸೈಕಲ್

ಇಂದಿನ ಗ್ರಾಹಕನ ಮುಂದೆ ಹತ್ತಾರು ಕಂಪನಿಗಳಿವೆ. ಸ್ವಾತಂತ್ರ್ಯಾನಂತರದ ಮೂರೂವರೆ ದಶಕಗಳಲ್ಲಿ ಪರಿಸ್ಥಿತಿ ಹಾಗಿರಲಿಲ್ಲ. ಯಾರು, ಏನನ್ನು, ಎಷ್ಟು ತಯಾರಿಸಬೇಕು ಎಂಬುದನ್ನು ಸರ್ಕಾರದ ಲೈಸೆನ್ಸು ನಿರ್ಧರಿಸುತ್ತಿತ್ತು. ಕಾರು ಬೇಕೆಂದರೆ ಬಹುಮಟ್ಟಿಗೆ ಮೂರೇ ಬಾಗಿಲು: ಕಲ್ಕತ್ತೆಯ ಸಮೀಪದ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್, ಬೊಂಬಾಯಿಯ ಪ್ರೀಮಿಯರ್ ಕಂಪನಿಯ ಫಿಯಟ್, ಮದರಾಸಿನ ಸ್ಟಾಂಡರ್ಡ್. ಮೋಟಾರ್‌ಸೈಕಲ್ಲಿನ ಕಥೆಯೂ ಅದೇ. ಮದರಾಸಿನ ಎನ್‌ಫೀಲ್ಡ್ ಬುಲೆಟ್, ಮೈಸೂರಿನ ಜಾವಾ, ಉತ್ತರದ ಎಸ್ಕಾರ್ಟ್ಸ್ ಕಂಪನಿಯ ರಾಜದೂತ್.

ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದದ್ದು 1949ರಲ್ಲಿ. ಮುಂದೆ ವಿಜಯನಗರ, ಬಸವೇಶ್ವರನಗರಗಳು ಬೆಳೆದವು. ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆಯ ಆಚೀಚೆ ಬೆಳೆದ ಈ ಬಡಾವಣೆಗಳಿಗೆ ಹಳೇ ಮೈಸೂರು ಸೀಮೆಯ ಊರುಗಳಿಂದ ಬಂದು ನೆಲೆಸಿದ ಕುಟುಂಬಗಳು ಬಹಳ. ಕಾರ್ಖಾನೆ ನೌಕರರು, ಗುಮಾಸ್ತರು, ಮೇಷ್ಟರು, ಸಣ್ಣ ಉದ್ದಿಮೆದಾರರು. ಇಂಥ ಮನೆಗಳಲ್ಲಿ ವಾಹನ ಕೊಳ್ಳುವುದೆಂದರೆ ಮದುವೆಯಷ್ಟೇ ದೊಡ್ಡ ತೀರ್ಮಾನ. ಒಮ್ಮೆ ಕೊಂಡರೆ ಹದಿನೈದು ಇಪ್ಪತ್ತು ವರ್ಷ ಅದರೊಂದಿಗೇ ಬಾಳಬೇಕು. ಬಾಳಿದ ಮೇಲೆ ಅದನ್ನು ಸಮರ್ಥಿಸಿಕೊಳ್ಳದೆ ಇರುವುದುಂಟೇ? ಅಂಬಾಸಿಡರ್ ಮನೆಯವರು ಜಾಗದ ಮಾತೆತ್ತಿದರೆ, ಫಿಯಟ್ ಮನೆಯವರು ಓಡಿಸುವ ಸುಖದ ಮಾತಾಡುತ್ತಿದ್ದರು. ಬುಲೆಟ್‌ನವರಿಗೆ ಜಾವಾ ಹೊಗೆಗೂಡು, ಜಾವಾದವರಿಗೆ ಬುಲೆಟ್ ಎಣ್ಣೆ ಸೋರುವ ಎಮ್ಮೆ.

ಆಯ್ಕೆ ಕಡಿಮೆಯಿದ್ದಾಗ ನಿಷ್ಠೆಯೂ ಸುಲಭ ಎನ್ನಬಹುದು. ಮಾತು ನಿಜವೇ. ಆದರೆ ಅದರಿಂದ ಪೂರ್ತಿ ವಿವರಣೆ ಸಿಗುವುದಿಲ್ಲ. ಹಾಗಿದ್ದರೆ ಆಯ್ಕೆ ಹೆಚ್ಚಿದ ದಿನವೇ ನಿಷ್ಠೆ ಕರಗಬೇಕಿತ್ತು. ಸ್ಟಾಂಡರ್ಡ್ ವಿಷಯದಲ್ಲಿ ಹೆಚ್ಚುಕಡಿಮೆ ಹಾಗೆಯೇ ಆಯಿತು. ಅದನ್ನು ನೆನೆಯುವವರು ಇಂದು ವಿರಳ. ಮೈಸೂರಿನ ಗಾಡಿಯ ವಿಷಯದಲ್ಲಿ ಮಾತ್ರ ಹಾಗಾಗಲಿಲ್ಲ.

ಪ್ರಾಗ್‌ನಿಂದ ಯಾದವಗಿರಿಗೆ

ಜಾವಾ ಎಂದರೆ ಇಂಡೋನೇಷ್ಯಾದ ದ್ವೀಪವಲ್ಲ. ಚೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಶಸ್ತ್ರಾಸ್ತ್ರ ತಯಾರಕರಿದ್ದರು. ಮೊದಲ ಮಹಾಯುದ್ಧ ಮುಗಿದು ಬಂದೂಕುಗಳ ಬೇಡಿಕೆ ಕುಸಿದಾಗ ಅವರು ಬೇರೆ ಕಸುಬು ಹುಡುಕಿದರು. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಸುವ ಹಕ್ಕನ್ನು ಕೊಂಡರು. ಯಾನೆಚೆಕ್ ಮತ್ತು ವಾಂಡರರ್ ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ಹೊಸ ಹೆಸರಾಯಿತು. ಚೆಕ್ ನುಡಿಯಲ್ಲಿ ಅದರ ಉಚ್ಚಾರ ‘ಯಾವಾ’. ನಮ್ಮಲ್ಲಿ ಇಂಗ್ಲಿಷ್ ಓದಿನಂತೆ ‘ಜಾವಾ’ ಆಯಿತು.

ಈ ಗಾಡಿಗಳನ್ನು 1950ರ ದಶಕದಲ್ಲಿ ಭಾರತಕ್ಕೆ ತರಿಸಿ ಮಾರುತ್ತಿದ್ದವರು ಬೊಂಬಾಯಿಯ ಇರಾನಿ ಮನೆತನದವರು. ಸಿದ್ಧ ವಾಹನಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿದಾಗ ಇಲ್ಲಿಯೇ ತಯಾರಿಸುವುದು ಅನಿವಾರ್ಯವಾಯಿತು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿಯವರು 1960ರಲ್ಲಿ ಮೈಸೂರಿನಲ್ಲಿ ‘ಐಡಿಯಲ್ ಜಾವಾ’ ಕಂಪನಿಯನ್ನು ಕಟ್ಟಿದರು. ಯಾದವಗಿರಿಯಲ್ಲಿ ಕಾರ್ಖಾನೆ ಎದ್ದಿತು. ಅದನ್ನು ಉದ್ಘಾಟಿಸಿದವರು ಅಂದು ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1961ರಲ್ಲಿ ಮೈಸೂರಿನ ಜಾವಾ ರಸ್ತೆಗೆ ಬಂತು.

ಬೊಂಬಾಯಿ, ಮದರಾಸಿನ ಹೆಸರುಗಳನ್ನೇ ಕೇಳುತ್ತಿದ್ದ ಕನ್ನಡಿಗರಿಗೆ ತಮ್ಮ ನೆಲದಲ್ಲೇ ಒಂದು ಮೋಟಾರ್‌ಸೈಕಲ್ ತಯಾರಾಗುವುದು ಹೆಮ್ಮೆಯ ಸಂಗತಿಯಾಗಿತ್ತು. ರೇಷ್ಮೆ, ಗಂಧದೆಣ್ಣೆ, ಸೋಪು ಮುಂತಾದ ಮೈಸೂರಿನ ಪದಾರ್ಥಗಳ ಸಾಲಿಗೆ ಒಂದು ಗಾಡಿಯೂ ಸೇರಿತು. ಕಡುಗೆಂಪು ಬಣ್ಣ, ಹೊಳೆಯುವ ಟ್ಯಾಂಕು, ದೀಪದ ಬುರುಡೆಯೊಳಗೇ ಕೂರಿಸಿದ ವೇಗಸೂಚಕ, ಸರಪಳಿಯನ್ನು ಪೂರ್ತಿ ಮುಚ್ಚಿದ ಪೆಟ್ಟಿಗೆ. ಹೀಗೆ ಗಾಡಿಯ ರೂಪವೂ ಕಣ್ಣಿಗೆ ಕಟ್ಟುವಂತಿತ್ತು.

ಮೊದಲ ಪರೀಕ್ಷೆ: ಹೆಸರು ಹೋದಾಗ

ಚೆಕ್ ಕಂಪನಿಯೊಂದಿಗಿನ ಒಪ್ಪಂದದ ಅವಧಿ ಮುಗಿದ ಮೇಲೆ ಜಾವಾ ಹೆಸರನ್ನು ಬಳಸುವಂತಿರಲಿಲ್ಲ. 1973ರಿಂದ ಮೈಸೂರಿನ ಗಾಡಿಗಳು ‘ಯೆಜ್ಡಿ’ ಎಂಬ ಹೆಸರಿನಲ್ಲಿ ಬರತೊಡಗಿದವು. ಇರಾನಿನ ಯಜ್ದ್ ನಗರ ಜರತುಷ್ಟ್ರ ಧರ್ಮೀಯರ ಹಳೆಯ ನೆಲೆ. ಮಾಲೀಕರ ಪೂರ್ವಜರ ಸೀಮೆಯ ನೆನಪು ಹೀಗೆ ಕನ್ನಡ ನಾಡಿನ ಗಾಡಿಯ ಮೇಲೆ ಬಂದು ಕೂತಿತು.

ವ್ಯಾಪಾರದ ಪಾಠದ ಪ್ರಕಾರ ಇದು ದೊಡ್ಡ ಗಂಡಾಂತರ. ಹನ್ನೆರಡು ವರ್ಷ ಜನರ ಬಾಯಲ್ಲಿದ್ದ ಹೆಸರನ್ನು ಬಿಟ್ಟು, ಯಾರೂ ಕೇಳದ ಹೆಸರನ್ನು ಹಚ್ಚುವುದೆಂದರೇನು? ಆದರೆ ಗಿರಾಕಿಗಳು ಕದಲಲಿಲ್ಲ. ಎಂಜಿನ್ನು, ಸದ್ದು, ಕಾರ್ಖಾನೆ ಯಾವುದೂ ಬದಲಾಗಿರಲಿಲ್ಲ. ರಿಪೇರಿಗೆ ಹೋಗುವ ಮೆಕ್ಯಾನಿಕ್ ಕೂಡ ಅವನೇ. ಟ್ಯಾಂಕಿನ ಮೇಲಿನ ಅಕ್ಷರ ಮಾತ್ರ ಬೇರೆ. ಹಳಬರು ಯೆಜ್ಡಿಯನ್ನೂ ಜಾವಾ ಎಂದೇ ಕರೆದರು. 1978ರಲ್ಲಿ ಬಂದ ‘ರೋಡ್‌ಕಿಂಗ್’ ಕಾಲೇಜು ಹುಡುಗರ ಕನಸಾದ ಮೇಲೆ ಹೊಸ ಹೆಸರಿಗೂ ತನ್ನದೇ ಗತ್ತು ಬಂತು.

ಸರಿಸುಮಾರು ಅದೇ ವರ್ಷಗಳಲ್ಲಿ ಕಾರಿನ ಲೋಕದಲ್ಲೂ ಇಂಥದೇ ಘಟನೆ ನಡೆಯಿತು. ಇಟಲಿಯ ಫಿಯಟ್ ಕಂಪನಿಯೊಂದಿಗಿನ ಒಪ್ಪಂದ ಮುಗಿದಾಗ ಬೊಂಬಾಯಿಯ ಕಾರು ಮೊದಲು ‘ಪ್ರೀಮಿಯರ್ ಪ್ರೆಸಿಡೆಂಟ್’ ಆಯಿತು, ಬಳಿಕ ‘ಪದ್ಮಿನಿ’ಯಾಯಿತು. ಚಿತ್ತೂರಿನ ರಾಣಿಯ ಹೆಸರು ಚೆನ್ನಾಗಿಯೇ ಇತ್ತು. ಆದರೂ ಜನ ಕೊನೆಯವರೆಗೂ ಅದನ್ನು ಕರೆದದ್ದು ಫಿಯಟ್ ಎಂದೇ.

ಈ ಎರಡೂ ಪ್ರಸಂಗಗಳು ಹೇಳುವುದಿಷ್ಟು. ಹೆಸರು ನಿಷ್ಠೆಯ ಗುರುತು, ಮೂಲವಲ್ಲ. ಮನೆಯ ಮಗನಿಗೆ ಶಾಲೆಯಲ್ಲಿ ಬೇರೆ ಹೆಸರು ಬರೆಸಿದರೂ ಅಡಿಗೆಮನೆಯಲ್ಲಿ ಕರೆಯುವ ಹೆಸರು ಬದಲಾಗದು.

ಕೈಗೆ ಅಂಟಿದ ಗಾಡಿ

ಹಾಗಾದರೆ ಮೂಲ ಎಲ್ಲಿದೆ? ಗಾಡಿಯನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು.

ಜಾವಾ ಮತ್ತು ಯೆಜ್ಡಿಯ ಎಂಜಿನ್ 250 ಸಿಸಿಯ ಟೂ ಸ್ಟ್ರೋಕ್ ಜಾತಿಯದು. ಬುಲೆಟ್‌ನಂಥ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ ಒಳಬರಲು, ಹೊಗೆ ಹೊರಹೋಗಲು ಕವಾಟಗಳಿರುತ್ತವೆ. ಅವುಗಳನ್ನು ತೆರೆದು ಮುಚ್ಚಲು ಬೇರೆ ಬೇರೆ ಭಾಗಗಳಿರುತ್ತವೆ. ಇಲ್ಲಿ ಅವು ಯಾವುವೂ ಇಲ್ಲ. ಪಿಸ್ಟನ್ ಮೇಲೆ ಕೆಳಗೆ ಓಡಾಡುವಾಗ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ತಾನೇ ತೆರೆದು ತಾನೇ ಮುಚ್ಚುತ್ತದೆ. ಪಿಸ್ಟನ್, ಅದಕ್ಕೆ ಸೇರಿದ ಕನೆಕ್ಟಿಂಗ್ ರಾಡ್, ಅದು ತಿರುಗಿಸುವ ಕ್ರ್ಯಾಂಕು. ಎಂಜಿನ್ನಿನಲ್ಲಿ ಚಲಿಸುವ ಮುಖ್ಯ ಭಾಗಗಳೆಂದರೆ ಇಷ್ಟೇ. ನಾಲ್ಕಾರು ಸ್ಪಾನರು ಇದ್ದವನು ಮನೆಯಂಗಳದಲ್ಲೇ ಎಂಜಿನ್ನಿನ ತಲೆ ಬಿಚ್ಚಿ, ಮಸಿ ಕೆರೆದು, ಸಂಜೆಯೊಳಗೆ ಜೋಡಿಸಬಲ್ಲ.

ಸುಲಭವಾಗಿ ಬಿಚ್ಚಬಹುದು, ನಿಜ. ಬಿಚ್ಚುವ ಪ್ರಸಂಗವೂ ಆಗಾಗ ಬರುತ್ತಿತ್ತು. ಪ್ಲಗ್ಗಿಗೆ ಮಸಿ ಹಿಡಿಯುವುದು, ಪಾಯಿಂಟ್ ಸವೆಯುವುದು, ಕಾರ್ಬುರೇಟರಿನಲ್ಲಿ ಕಸ ಕೂರುವುದು ಮಾಮೂಲು. ಪೆಟ್ರೋಲಿಗೆ ಎಣ್ಣೆಯನ್ನು ಅಳತೆಯಂತೆ ಬೆರೆಸಬೇಕು. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಹೊಗೆ ಮುಸುಕುತ್ತದೆ. ಗಾಡಿ ತನ್ನ ಯಜಮಾನನಿಂದ ದಿನವೂ ಒಂದಿಷ್ಟು ಗಮನ ಬೇಡುತ್ತಿತ್ತು. ಸದ್ದು ಸ್ವಲ್ಪ ಬದಲಾದರೂ ಅವನ ಕಿವಿ ನೆಟ್ಟಗಾಗುತ್ತಿತ್ತು.

ಅದರ ಜೊತೆಗೆ ಬೇರೆ ಗಾಡಿಗಳಿಗಿಲ್ಲದ ವಿಚಿತ್ರಗಳು. ಗೇರು ಹಾಕುವ ಸನ್ನೆಯೇ ಕಿಕ್ ಹೊಡೆಯುವ ಸನ್ನೆಯೂ ಆಗಿತ್ತು. ಎಡಗಡೆಯ ಆ ಸನ್ನೆಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಸ್ವಸ್ಥಾನಕ್ಕೆ ಬಿಟ್ಟರೆ ಗೇರು. ಸನ್ನೆಯನ್ನು ಒತ್ತಿದೊಡನೆ ಕ್ಲಚ್ಚು ತಾನಾಗಿಯೇ ಬಿಡುಗಡೆಯಾಗುವ ವ್ಯವಸ್ಥೆಯೂ ಒಳಗಿತ್ತು. ಹೊಸಬನ ಕೈಗೆ ಗಾಡಿ ಕೊಟ್ಟರೆ ಕಿಕ್ ಎಲ್ಲಿದೆಯೆಂದು ಹುಡುಕಿಯೇ ಸುಸ್ತಾಗುತ್ತಿದ್ದ. ಮೊಳೆಯಂಥ ಕೀಲಿಯ ಕಥೆಯಂತೂ ಪ್ರಸಿದ್ಧ. ಒಬ್ಬರ ಗಾಡಿಯ ಕೀಲಿ ಇನ್ನೊಬ್ಬರ ಗಾಡಿಗೂ ಹೊಂದುತ್ತಿತ್ತು. ಇದು ದೋಷವೇ ಸರಿ. ಆದರೆ ಹೀಗೆ ಹಂಚಿಕೊಂಡ ದೋಷಗಳೇ ಗಾಡಿಯ ಬಳಗಕ್ಕೆ ಒಳಗುಟ್ಟುಗಳಾದವು. ಅದನ್ನು ಬಲ್ಲವನು ನಮ್ಮವನು, ಅರಿಯದವನು ಹೊರಗಿನವನು.

ಕಷ್ಟಪಟ್ಟದ್ದರ ಮೇಲೆ ಪ್ರೀತಿ ಹೆಚ್ಚು ಎಂಬುದನ್ನು ಈಗ ಸಂಶೋಧಕರೂ ಹೇಳುತ್ತಾರೆ. ಅಮೆರಿಕದ ಮೈಕೆಲ್ ನಾರ್ಟನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಜನರಿಗೆ ಪೆಟ್ಟಿಗೆ ಜೋಡಿಸಲು, ಕಾಗದ ಮಡಚಿ ಕೊಕ್ಕರೆ, ಕಪ್ಪೆ ಮಾಡಲು ಹೇಳಲಾಯಿತು. ಅಂಕುಡೊಂಕಾಗಿದ್ದರೂ ತಾವೇ ಮಾಡಿದ ವಸ್ತುವಿಗೆ ಅವರು ಇತರರಿಗಿಂತ ಹೆಚ್ಚು ಬೆಲೆ ಕಟ್ಟಿದರು. ಇದರಲ್ಲಿ ಇನ್ನೊಂದು ಅಂಶವಿದೆ. ಕೆಲಸ ಪೂರ್ತಿಯಾಗದಿದ್ದರೆ ಅಥವಾ ಮಾಡಿದ್ದನ್ನು ಕೆಡವಿಬಿಟ್ಟರೆ ಆ ಮಮತೆ ಹುಟ್ಟುತ್ತಿರಲಿಲ್ಲ. ಶ್ರಮವಷ್ಟೇ ಸಾಲದು, ಅದು ಫಲಿಸಬೇಕು. ಮಳೆಯಲ್ಲಿ ಕೆಟ್ಟು ನಿಂತ ಗಾಡಿ ಪ್ಲಗ್ ಒರೆಸಿದೊಡನೆ ಮೂರನೆಯ ಕಿಕ್ಕಿಗೆ ಎದ್ದರೆ, ಆ ಕ್ಷಣದಲ್ಲಿ ಅದು ಕೊಂಡ ಗಾಡಿಯಾಗಿ ಉಳಿಯದೆ ಗೆದ್ದ ಗಾಡಿಯಾಗುತ್ತದೆ.

ಯಜಮಾನನ ಕೈ ಸೋತಾಗ ಮೆಕ್ಯಾನಿಕ್ಕಿನ ಕೈ ಬರುತ್ತಿತ್ತು. ರಾಜಾಜಿನಗರ ಕೈಗಾರಿಕಾ ಪ್ರದೇಶ ಮತ್ತು ಕಾಮಾಕ್ಷಿಪಾಳ್ಯದ ಸುತ್ತ ಲೇತು, ಕೊರೆಯುವ ಯಂತ್ರ ಇಟ್ಟುಕೊಂಡ ಸಣ್ಣ ಕಾರ್ಯಾಗಾರಗಳಿಗೆ ಎಂದೂ ಬರವಿಲ್ಲ. ಸವೆದ ಸಿಲಿಂಡರನ್ನು ಮತ್ತೆ ಕೊರೆಸಿ ದೊಡ್ಡ ಪಿಸ್ಟನ್ ಕೂರಿಸುವುದು, ಸಿಗದ ಬುಷ್ಷನ್ನು ಕಡೆದು ಕೊಡುವುದು ಇಂಥ ಕಡೆ ಆಗುವ ಕೆಲಸ. ತಂದೆ ಯಾವ ಮೆಕ್ಯಾನಿಕ್ಕನ್ನು ನಂಬಿದ್ದರೋ ಮಗನೂ ಅಲ್ಲಿಗೇ ಹೋಗುತ್ತಾನೆ. ಬೇರೆ ಗಾಡಿ ಕೊಂಡರೆ ಈ ನಂಟನ್ನೂ ಕಡಿದುಕೊಳ್ಳಬೇಕು. ಹೊರಗಿನವರು ‘ಬ್ರಾಂಡ್ ನಿಷ್ಠೆ’ ಎಂದು ಕರೆಯುವುದರೊಳಗೆ ಹೀಗೆ ಒಬ್ಬ ಮೆಕ್ಯಾನಿಕ್ಕಿನ ಮೇಲಿನ ನಂಬಿಕೆಯೂ ಅಡಗಿರುತ್ತದೆ.

ಲೆಕ್ಕದ ನಿಷ್ಠೆ

ಇದಕ್ಕೆ ವಿರುದ್ಧವಾದ ನಿಷ್ಠೆಯೂ ಉಂಟು. ಕೆಂಗೇರಿ ದಾಟಿ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಬಿಡದಿ. ಅಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಗೆ ಉತ್ಪಾದನೆ ಶುರುಮಾಡಿತು. 2000ದಲ್ಲಿ ಕ್ವಾಲಿಸ್ ಬಂತು. ಟ್ಯಾಕ್ಸಿ ಮಾಲೀಕರು ಅದಕ್ಕೆ ಮುಗಿಬಿದ್ದರು. ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ, 2005ರಲ್ಲಿ, ಕಂಪನಿ ಅದನ್ನು ನಿಲ್ಲಿಸಿ ಇನ್ನೋವಾ ತಂದಿತು. ಟ್ಯಾಕ್ಸಿಯವರು ಮುಖ ಸಿಂಡರಿಸಿದರೂ ಕೊನೆಗೆ ಇನ್ನೋವಾಕ್ಕೇ ಬಂದರು.

ಅವರ ನಿಷ್ಠೆಯ ಆಧಾರ ಲೆಕ್ಕ. ಎಷ್ಟು ಲಕ್ಷ ಕಿಲೋಮೀಟರ್ ಓಡುತ್ತದೆ, ಎಷ್ಟು ದಿನ ಗ್ಯಾರೇಜಿನಲ್ಲಿ ನಿಲ್ಲುತ್ತದೆ, ಮಾರಿದರೆ ಎಷ್ಟು ಬರುತ್ತದೆ. ಈ ನಿಷ್ಠೆ ಗಟ್ಟಿಯಾದದ್ದೇ. ಕುಟುಂಬದ ಅನ್ನ ಅದರ ಮೇಲೆ ನಿಂತಿರುತ್ತದೆ. ಆದರೆ ಲೆಕ್ಕ ತಪ್ಪಿದ ದಿನ ಅದು ಬೇರೆಡೆ ಹೊರಡಲು ಹಿಂಜರಿಯುವುದಿಲ್ಲ. ಜಾವಾ ಪ್ರಿಯನ ನಿಷ್ಠೆ ಲೆಕ್ಕಕ್ಕೆ ಸಿಕ್ಕುವಂಥದ್ದಲ್ಲ. ಲೆಕ್ಕ ಹಾಕಿದ್ದರೆ ಅವನು ಎಂದೋ ಗಾಡಿ ಮಾರಿರುತ್ತಿದ್ದ.

ಎರಡನೇ ಪರೀಕ್ಷೆ: ಕಾರ್ಖಾನೆ ಹೋದಾಗ

1980ರ ದಶಕದ ನಡುವೆ ಜಪಾನಿನ ಕಂಪನಿಗಳ ಸಹಯೋಗದಲ್ಲಿ 100 ಸಿಸಿಯ ಗಾಡಿಗಳು ಬಂದವು. 1985ರಲ್ಲಿ ಬಂದ ಹೀರೋ ಹೋಂಡಾದ ಜಾಹೀರಾತು ಇಂದಿಗೂ ನೆನಪಿನಲ್ಲಿದೆ. ಪೆಟ್ರೋಲು ತುಂಬಿಸಿ, ಮುಚ್ಚಳ ಮುಚ್ಚಿ, ಮರೆತುಬಿಡಿ ಎಂಬುದು ಅದರ ಸಾರಾಂಶ. ಮೈಸೂರಿನ ಗಾಡಿಯ ಘೋಷಣೆಯಲ್ಲಿದ್ದ ಮಾತೆಂದರೆ ‘ಫಾರೆವರ್’, ಅಂದರೆ ಎಂದೆಂದಿಗೂ. ಒಂದು ಮರೆಯಿರಿ ಎಂದಿತು, ಇನ್ನೊಂದು ಸದಾ ಜೊತೆಗಿರುವೆ ಎಂದಿತು. ದುಡಿದು ಬದುಕುವ ಜನ ಮರೆಯಬಹುದಾದ ಗಾಡಿಯನ್ನೇ ಆರಿಸಿದರು. ಅದರಲ್ಲಿ ತಪ್ಪೇನೂ ಇಲ್ಲ. ಕಡಿಮೆ ಪೆಟ್ರೋಲು, ಕಡಿಮೆ ತಲೆನೋವು.

ಹಾಗೆಂದು ಜಪಾನಿ ಗಾಡಿಗಳಿಗೆ ಭಕ್ತರೇ ಹುಟ್ಟಲಿಲ್ಲ ಎಂದಲ್ಲ. ಅದೇ 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಇಂದಿಗೂ ಆರಾಧಕರನ್ನು ಉಳಿಸಿಕೊಂಡಿದೆ. ಅದು ಕೂಡ ಟೂ ಸ್ಟ್ರೋಕ್, ಅದಕ್ಕೂ ತನ್ನದೇ ಸದ್ದು, ಅದನ್ನೂ ಮನೆಯಲ್ಲೇ ಬಿಚ್ಚಬಹುದಿತ್ತು ಎಂಬುದನ್ನು ಗಮನಿಸಬೇಕು.

ಹೊಸ ಗಾಡಿಗಳ ಪೈಪೋಟಿ, ಕಾರ್ಮಿಕ ವಿವಾದಗಳು, ಬಿಗಿಯಾಗುತ್ತ ಬಂದ ಹೊಗೆಯ ನಿಯಮಗಳು ಒಟ್ಟಾಗಿ ಮೈಸೂರಿನ ಕಾರ್ಖಾನೆಯನ್ನು ಅಲುಗಾಡಿಸಿದವು. 1996ರಲ್ಲಿ ಉತ್ಪಾದನೆ ನಿಂತಿತು. ಸೈರನ್ನಿಗೆ ಸರಿಯಾಗಿ ದಿನ ಹಂಚಿಕೊಂಡಿದ್ದ ಕುಟುಂಬಗಳ ಬದುಕು ತಲೆಕೆಳಗಾಯಿತು. ಗಾಡಿಯ ಅಭಿಮಾನದ ಕಥೆ ಹೇಳುವಾಗ ಇದನ್ನು ಮರೆಯುವಂತಿಲ್ಲ. ಒಂದು ಬ್ರಾಂಡಿನ ಬಗ್ಗೆ ಎಷ್ಟೇ ಪ್ರೀತಿಯಿದ್ದರೂ ಹೊಸ ಗಾಡಿ ಕೊಳ್ಳುವವರಿಲ್ಲದಿದ್ದರೆ ಕಾರ್ಖಾನೆ ಉಳಿಯದು. ಹಳೆಯ ಗಾಡಿಯನ್ನೇ ಇಪ್ಪತ್ತು ವರ್ಷ ಓಡಿಸುವ ನಿಷ್ಠಾವಂತನಿಂದ ಕಂಪನಿಗೆ ಬರುವ ಆದಾಯ ಅಷ್ಟಕ್ಕಷ್ಟೇ.

ಕಾರ್ಖಾನೆ ಹೋದ ಮೇಲೆ ಕಥೆ ಮುಗಿಯಬೇಕಿತ್ತು. ಬದಲಿಗೆ ಹೊಸ ಅಧ್ಯಾಯ ತೆರೆಯಿತು. ಹೊಸ ಬಿಡಿಭಾಗ ಬರುವುದು ನಿಂತಾಗ ಇದ್ದವರು ಒಬ್ಬರನ್ನೊಬ್ಬರು ಹುಡುಕಿಕೊಂಡರು. ಗುಜರಿ ಅಂಗಡಿಗಳಲ್ಲಿ, ಊರೂರಿನ ಹಿತ್ತಿಲುಗಳಲ್ಲಿ ತುಕ್ಕು ಹಿಡಿದು ನಿಂತ ಗಾಡಿಗಳಿಗೆ ಬೇಡಿಕೆ ಬಂತು. ಬೆಂಗಳೂರು, ಮೈಸೂರುಗಳಲ್ಲಿ ಸವಾರರ ಸಂಘಗಳು ಹುಟ್ಟಿದವು. ಪ್ರತಿವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನವೆಂದು ಗಾಡಿಗಳನ್ನು ತೊಳೆದು, ಉಜ್ಜಿ, ಒಂದೆಡೆ ಸೇರಿಸುವ ಪದ್ಧತಿ ಬೆಳೆಯಿತು. ತಂದೆ ತೀರಿಕೊಂಡ ಮೇಲೆ ಅವರ ಗಾಡಿಯನ್ನು ರಿಪೇರಿ ಮಾಡಿಸಿ ತಂದವರು, ಹುಟ್ಟುವ ಮೊದಲೇ ಮುಚ್ಚಿದ ಕಾರ್ಖಾನೆಯ ಗಾಡಿಗೆ ಮನಸೋತ ಹುಡುಗರು ಅಲ್ಲಿ ಒಟ್ಟಿಗೆ ನಿಲ್ಲುತ್ತಾರೆ.

ಇಂಥದ್ದು ನಮ್ಮಲ್ಲಿ ಮಾತ್ರವಲ್ಲ. ಆಲ್ಬರ್ಟ್ ಮುನಿಜ್ ಮತ್ತು ಥಾಮಸ್ ಓಗಿನ್ ಎಂಬ ಅಮೆರಿಕದ ವಿದ್ವಾಂಸರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ವೀಡನ್ನಿನ ಸಾಬ್ ಕಾರಿನ ಮಾಲೀಕರನ್ನೂ ಗಮನಿಸಿದ್ದರು. ಇಂಥ ಬಳಗಗಳಿಗೆ ಮೂರು ಲಕ್ಷಣಗಳನ್ನು ಅವರು ಗುರುತಿಸಿದರು. ನಾವೆಲ್ಲ ಒಂದೇ ಎಂಬ ಭಾವ, ಹಂಚಿಕೊಂಡ ಆಚರಣೆಗಳು, ಒಬ್ಬರಿಗೊಬ್ಬರು ನೆರವಾಗಬೇಕೆಂಬ ಹೊಣೆ. ರಸ್ತೆಯಲ್ಲಿ ಎದುರಾದ ಇನ್ನೊಂದು ಸಾಬ್‌ಗೆ ದೀಪ ಮಿನುಗಿಸುವುದು ಅವರ ವಾಡಿಕೆ. ಆ ಕಂಪನಿ 2011ರ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಸಾಬ್ ಪ್ರಿಯರು ದಿವಾಳಿಯಾಗಲಿಲ್ಲ. ದಾರಿಯಲ್ಲಿ ಕೆಟ್ಟು ನಿಂತ ಯೆಜ್ಡಿಯ ಬಳಿ ಇನ್ನೊಬ್ಬ ಯೆಜ್ಡಿಯವನು ಗಾಡಿ ನಿಲ್ಲಿಸುವುದು ಅದೇ ಹೊಣೆಯಿಂದ. ಅವನ ಚೀಲದಲ್ಲಿ ಒಂದು ಹೆಚ್ಚುವರಿ ಪ್ಲಗ್ ಇದ್ದೇ ಇರುತ್ತದೆ.

ಮೂರನೇ ಪರೀಕ್ಷೆ: ಹೆಸರು ಮರಳಿದಾಗ

2018ರ ನವೆಂಬರ್ 15ರಂದು ಜಾವಾ ಹೆಸರು ಭಾರತದ ಮಾರುಕಟ್ಟೆಗೆ ಮರಳಿತು. ಮಹೀಂದ್ರಾ ಸಮೂಹದ ಬೆಂಬಲದ ‘ಕ್ಲಾಸಿಕ್ ಲೆಜೆಂಡ್ಸ್’ ಕಂಪನಿ ಅದನ್ನು ತಂದಿತು. ರುಸ್ತುಂ ಇರಾನಿಯವರ ಮಗ ಬೋಮನ್ ಇರಾನಿಯವರೂ ಅದರ ಸ್ಥಾಪಕರಲ್ಲೊಬ್ಬರು. 2022ರ ಜನವರಿಯಲ್ಲಿ ಯೆಜ್ಡಿ ಹೆಸರೂ ಬಂತು. ಹೊಸ ಜಾವಾದಲ್ಲಿ ಹಳೆಯ ಕಡುಗೆಂಪು ಬಣ್ಣವಿದೆ, ದುಂಡು ದೀಪವಿದೆ, ಎರಡು ಸೈಲೆನ್ಸರ್‌ಗಳೂ ಇವೆ. ಆದರೆ 2018ರಲ್ಲಿ ಬಂದಾಗ ಅದರ ಎಂಜಿನ್ನು ನೀರಿನಿಂದ ತಂಪಾಗುವ 293 ಸಿಸಿಯ ಫೋರ್ ಸ್ಟ್ರೋಕ್ ಆಗಿತ್ತು. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ.

1973ರಲ್ಲಿ ಯಂತ್ರ ಉಳಿದು ಹೆಸರು ಹೋಗಿತ್ತು. ಈಗ ಹೆಸರು ಬಂದು ಯಂತ್ರ ಬೇರೆಯಾಗಿತ್ತು. ಅಂದು ಬಳಗ ಇಡಿಯಾಗಿ ದಾಟಿತ್ತು, ಇಂದು ಎರಡಾಗಿ ಕವಲೊಡೆಯಿತು. ಹೊಸದನ್ನು ಸಂತೋಷದಿಂದ ಕೊಂಡವರಿದ್ದಾರೆ, ಅದು ಚೆನ್ನಾಗಿದೆ ಆದರೆ ಜಾವಾ ಅಲ್ಲ ಎನ್ನುವವರೂ ಇದ್ದಾರೆ. ಹಳೆಯ ಗಾಡಿಯನ್ನು ಮೂಲೆಗೆ ಒತ್ತಿ ಹೊಸದನ್ನು ಅದರ ಜಾಗದಲ್ಲಿ ನಿಲ್ಲಿಸಲು ಹಳಬರಿಗೆ ಮನಸ್ಸಾಗಲಿಲ್ಲ. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿಕೊಂಡವರುಂಟು.

ಹೆಸರಿಗೆ ಬೆಲೆಯಿಲ್ಲ ಎಂದು ಇದರ ಅರ್ಥವಲ್ಲ. ಅಂಬಾಸಿಡರ್ ಕಾರಿನ ಉತ್ಪಾದನೆ 2014ರಲ್ಲಿ ನಿಂತಿತು. ಆ ಹೆಸರೊಂದನ್ನೇ 2017ರಲ್ಲಿ ಫ್ರಾನ್ಸಿನ ಪಿಜೋ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಯೆಜ್ಡಿ ಹೆಸರು ಯಾರದೆಂಬುದು ಕರ್ನಾಟಕ ಹೈಕೋರ್ಟಿನ ಮುಂದೆಯೂ ಬಂತು. ಅದು ಸಮಾಪನದಲ್ಲಿರುವ ಐಡಿಯಲ್ ಜಾವಾ ಕಂಪನಿಗೇ ಸೇರಿದ್ದೆಂದು ಏಕಸದಸ್ಯ ಪೀಠ 2022ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಆ ತೀರ್ಪು ಮೇಲ್ಮನವಿಗೆ ಹೋಯಿತು. ಸತ್ತ ಕಂಪನಿಯ ಹೆಸರಿಗಾಗಿ ಇಷ್ಟು ವ್ಯಾಜ್ಯ ನಡೆಯಬೇಕಾದರೆ ಆ ಹೆಸರಿನ ಹಿಂದೆ ಜನರ ಮಮತೆಯ ಠೇವಣಿ ಇರಲೇಬೇಕು. ಆ ಠೇವಣಿಯನ್ನು ಕಟ್ಟಿದವರು ಮಾತ್ರ ಕಂಪನಿಯವರಲ್ಲ. ಅಂಗಳಗಳಲ್ಲಿ ಪ್ಲಗ್ ಒರೆಸಿದವರು, ಗ್ಯಾರೇಜುಗಳಲ್ಲಿ ಸಿಲಿಂಡರ್ ಕೊರೆದವರು.

ಹೊಗೆ ಮತ್ತು ಕಾನೂನು

ಈ ಮಮತೆಗೆ ಇನ್ನೊಂದು ಮುಖವೂ ಇದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವ ಕಿಂಡಿ ತೆರೆದಿರುವಾಗಲೇ ಹೊಸ ಪೆಟ್ರೋಲಿನ ಮಿಶ್ರಣವೂ ಒಳನುಗ್ಗುತ್ತದೆ. ಅದರಲ್ಲಿ ಒಂದು ಪಾಲು ಉರಿಯದೆಯೇ ಹೊರಗೆ ಹೋಗುತ್ತದೆ. ಜೊತೆಗೆ ಎಣ್ಣೆಯೂ ಸುಡುತ್ತದೆ. ಬೆಂಗಳೂರಿನ ಗಾಳಿಯ ಸ್ಥಿತಿಯನ್ನು ಬಲ್ಲವರು ಎಲ್ಲರೂ ಇಂಥ ಗಾಡಿಗಳನ್ನೇ ಓಡಿಸಲಿ ಎಂದು ಬಯಸಲಾರರು.

ಕಾನೂನು ಹಳೆಯ ಗಾಡಿಗಳಿಗೆ ಒಂದು ದಾರಿ ಮಾಡಿದೆ. 2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನವನ್ನು ಪಾರಂಪರಿಕ ವಾಹನವೆಂದು ನೋಂದಾಯಿಸಬಹುದು. ಜಾವಾ ಫಲಕದ ಮೈಸೂರಿನ ಗಾಡಿಗಳು ವಯಸ್ಸಿನಲ್ಲಿ ಈ ಸಾಲಿಗೆ ಬರುತ್ತವೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲು ತುಂಬಿಸುವಂಥ ಕೆಲಸಗಳಿಗೆ ಮಾತ್ರ ರಸ್ತೆಗೆ ತರಬಹುದು. ತರಕಾರಿ ತರಲು ಹೋಗುವಂತಿಲ್ಲ. ಉಳಿದವರು ನೋಂದಣಿಯ ಹದಿನೈದು ವರ್ಷದ ಅವಧಿ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ತಪಾಸಣೆಗೆ ಒಡ್ಡಿ ಅನುಮತಿ ಪಡೆಯಬೇಕು.

ಕಾನೂನಿಗಿಂತ ದೊಡ್ಡ ಆತಂಕ ಇನ್ನೊಂದಿದೆ. ಕಿವಿಯಿಂದಲೇ ರೋಗ ಹೇಳಬಲ್ಲ ಮೆಕ್ಯಾನಿಕ್ಕುಗಳಿಗೆ ವಯಸ್ಸಾಗಿದೆ. ಕಂಪ್ಯೂಟರ್ ಜೋಡಿಸಿ ದೋಷ ಪತ್ತೆಹಚ್ಚುವ ಕಾಲದಲ್ಲಿ ಅವರ ಮಕ್ಕಳು ಆ ವಿದ್ಯೆ ಕಲಿಯಬೇಕಾದ ಕಾರಣವೂ ಇಲ್ಲ. ಬಿಡಿಭಾಗವನ್ನು ಹೊಸದಾಗಿ ಎರಕ ಹೊಯ್ಯಬಹುದು, ಕಡೆಸಬಹುದು. ಆ ಕಿವಿಯನ್ನು ಎರಕ ಹೊಯ್ಯಲಾಗದು. ನಿಷ್ಠೆ ಹುಟ್ಟಿದ್ದು ಕೈಗಳಿಂದ ಎಂಬುದು ನಿಜವಾದರೆ, ಆ ಕೈಗಳು ಇಲ್ಲವಾದ ದಿನ ಗಾಡಿ ವಸ್ತುಸಂಗ್ರಹಾಲಯದ ಪದಾರ್ಥವಾಗುತ್ತದೆ. ಹೊಳೆಯುತ್ತದೆ, ಆದರೆ ಓಡುವುದಿಲ್ಲ.

ಸದ್ಯಕ್ಕಂತೂ ಓಡುತ್ತಿದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಮೈಸೂರಿನಲ್ಲಿ ಹುಟ್ಟಿದ ಗಾಡಿ ಮೈಸೂರಿಗೆ ಹೋಗಬೇಕೆಂದರೆ ಸರ್ವಿಸ್ ರಸ್ತೆಯೇ ಗತಿ. ಕೆಂಗೇರಿ ದಾಟಿದ ಮೇಲೆ ಮೇಲಿನ ಪಥದಲ್ಲಿ ಕಾರುಗಳು ಬೀಸಿ ಹೋಗುವಾಗ, ಕೆಳಗಿನ ರಸ್ತೆಯಲ್ಲಿ ಬಿಡದಿ, ರಾಮನಗರ, ಚನ್ನಪಟ್ಟಣಗಳ ಕಡೆಗೆ ಆ ಹಳೆಯ ಸದ್ದು ನಿಧಾನವಾಗಿ ಸಾಗುತ್ತದೆ. ದಾರಿಯಲ್ಲಿ ಕೆಟ್ಟರೂ ಸವಾರ ಗಾಬರಿಯಾಗುವುದಿಲ್ಲ. ಅಂಗಿಯ ತೋಳು ಮಡಚಿ, ಸ್ಪಾನರ್ ತೆಗೆದು, ಪ್ಲಗ್ ಬಿಚ್ಚಲು ಕೂರುತ್ತಾನೆ.